ಸಲ್ದಿವಾರ್ ಮನೆತನವೂ ನಿರಂಜನನ ಮುತ್ತಜ್ಜನೂ

ಮೆಕ್ಸಿಕೋ ದೇಶದ ಸಲ್ದಿವಾರ್ ಮನೆತನದ ಒಂಬತ್ತು ತಲೆಮಾರಿನ ಹೆಸರುಗಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಬಲ್ಲ ನಿರಂಜನನಿಗೆ ತನ್ನ ಸ್ವಂತ ಮುತ್ತಜ್ಜನ ಹೆಸರು ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಅಂಥ ದೊಡ್ಡ ಅಪರಾಧವೇನಲ್ಲ ಬಿಡಿ. ಪಿತೃಪಕ್ಷದಲ್ಲಿ ಎಡೆಯಿಟ್ಟು ‘ಹಿರಿಯರೆಲ್ಲ ಬಂದು ಉಂಡು ಹೋಗಿ’ ಎಂದು ಒಟ್ಟಾರೆ ಕೈಮುಗಿದರೆ ಮುಗಿಯಿತು. ಯಾರು ಬಂದರು, ಯಾರು ತಪ್ಪಿಸಿಕೊಂಡರು ಎಂದು ಹಾಜರಿ ತೆಗೆದುಕೊಳ್ಳುವವರು ಯಾರು? ಆದರೆ ನಿರಂಜನನ ಈ ಅಜ್ಞಾನ ಬಯಲಾದ ದಿನ ಮಾತ್ರ ಸರಿಯಿರಲಿಲ್ಲ. ಮರುದಿನ ಬೆಳಿಗ್ಗೆ ಅವನ ನಿಶ್ಚಿತಾರ್ಥವಿತ್ತು.

ನಿರಂಜನ ಯಲಹಂಕ ನ್ಯೂ ಟೌನಿನ ಒಂದು ಕಚೇರಿಯಲ್ಲಿ ಪರದೇಶದವರ ವಂಶ ಹುಡುಕುವ ಕೆಲಸದಲ್ಲಿದ್ದ. ಅಲ್ಲಿನವರು ತಮ್ಮ ಪೂರ್ವಿಕರು ಯಾರು, ಅವರ ಅಣ್ಣತಮ್ಮಂದಿರು ಎಲ್ಲೆಲ್ಲಿ ಚದುರಿದರು ಎಂದು ತಿಳಿಯಲು ಹಂಬಲಿಸುತ್ತಾರೆ. ಇಲ್ಲಿ ಕೂತವರು ಆ ಊರುಗಳ ಚರ್ಚಿನ ಹಳೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ನೋಡಿ ನೋಡಿ ಕಣ್ಣು ಕೆಂಪು ಮಾಡಿಕೊಳ್ಳುತ್ತಾರೆ. ಅವನ ಪಾಲಿಗೆ ಬಂದವರು ಸಕತೇಕಸ್ ಎಂಬ ಊರಿನ ಸೊಕೋರೊ ಸಲ್ದಿವಾರ್ ಎಂಬ ಅಜ್ಜಿ. ಆಕೆಯ ತಾತನ ತಮ್ಮ ಔರೇಲಿಯೋ ನೂರು ವರ್ಷದ ಹಿಂದಿನ ದಂಗೆಯಲ್ಲಿ ಮನೆಬಿಟ್ಟು ಹೋದವನು ತಿರುಗಿ ಬಂದಿರಲಿಲ್ಲ. ಅವನ ಕವಲು ಎಲ್ಲಾದರೂ ಉಳಿದಿದೆಯೇ ಎಂಬುದು ಅಜ್ಜಿಯ ಕೊರಗು.

ಎಲ್ಲೂ ಸಿಗದ ಔರೇಲಿಯೋ ಕೊನೆಗೆ ಹೋದ ವಾರ ಸಿಕ್ಕಿದ್ದು ಬೇರೆ ಯಾರದೋ ಮಗುವಿನ ಪಕ್ಕದಲ್ಲಿ. ಅವರಲ್ಲಿ ಮಗುವಿಗೆ ಹೆಸರಿಡುವಾಗ ಧರ್ಮಪಿತ ಎಂದು ಒಬ್ಬ ಜೊತೆಗೆ ನಿಲ್ಲಬೇಕು. ದೂರದ ಊರೊಂದರ ಚರ್ಚಿನಲ್ಲಿ ಔರೇಲಿಯೋ ಹಾಗೆ ನಿಂತಿದ್ದ. ಆ ಮಗುವಿನ ಮನೆಯವರನ್ನು ಹಿಡಿದು ಜಗ್ಗಿದರೆ ಔರೇಲಿಯೋನ ಮಕ್ಕಳು, ಮೊಮ್ಮಕ್ಕಳು ಎಲ್ಲ ಬಂದರು. ಅಂದಿನಿಂದ ನಿರಂಜನನದು ಒಂದೇ ಸಿದ್ಧಾಂತ: ಕಳೆದುಹೋದವನನ್ನು ಹುಡುಕಬೇಡ, ಶುಭಕಾರ್ಯದಲ್ಲಿ ಪಕ್ಕ ನಿಂತವರನ್ನು ಹುಡುಕು.

ಈ ಉದ್ಯೋಗದಿಂದ ಸೊಕೋರೊ ಅಜ್ಜಿಗೆ ಸುಖವಾಯಿತೇ ಹೊರತು ನಿರಂಜನನಿಗೆ ಮದುವೆಯಾಗಲಿಲ್ಲ. ‘ಏನ್ ಕೆಲಸ?’ ಎಂದು ಕೇಳಿದ ಹೆಣ್ಣಿನ ತಂದೆಯರಿಗೆ ‘ಮೆಕ್ಸಿಕೋದವರ ಸತ್ತೋಗಿರೋ ನೆಂಟರನ್ನ ಹುಡುಕ್ತೀನಿ’ ಎಂದರೆ ಅವರು ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಡುತ್ತಿದ್ದರು. ವರ್ಷಗಳು ಹೀಗೇ ಕಳೆದು, ತಲೆಕೂದಲು ತೆಳ್ಳಗಾಗಿ, ತಾಯಿ ವೇದವತಿ ಹರಕೆ ಹೊರುವುದನ್ನೂ ಬಿಟ್ಟ ಮೇಲೆ ಆರ್.ಟಿ. ನಗರದ ಪ್ರಿಯಂವದಾ ಸಿಕ್ಕಳು. ಅವಳು ಮಾತ್ರ ಈ ಉತ್ತರ ಕೇಳಿ ಮುಂದಕ್ಕೆ ಬಾಗಿ, ‘ಸಿಕ್ಕಿದ್ರಾ?’ ಎಂದು ಕೇಳಿದ್ದಳು. ನಿರಂಜನ ಅಲ್ಲೇ ಬಿದ್ದುಹೋದ. ನಾಳೆ ಬಿಟ್ಟರೆ ಆಷಾಢಕ್ಕೆ ಮೊದಲು ಬೇರೆ ಒಳ್ಳೆಯ ದಿನವಿರಲಿಲ್ಲ. ಅದಕ್ಕೇ ಅವಸರದಲ್ಲಿ ನಾಳೆಯ ಮುಹೂರ್ತ ಗೊತ್ತಾಗಿತ್ತು.

ಇವತ್ತು ಬೆಳಿಗ್ಗೆ ಫೋನ್ ಬಂತು. ಆ ಕಡೆ ಇದ್ದವರು ಪ್ರಿಯಂವದಾಳ ಅಜ್ಜಿ ಸುಬ್ಬನರಸಮ್ಮ. ಆ ಮನೆಯಲ್ಲಿ ಅವರ ಮಾತೇ ಮಾತು.

“ಶಾಸ್ತ್ರಿಗಳು ಲಗ್ನಪತ್ರಿಕೆ ಬರೀತಾ ಕೂತಿದಾರೆ. ನಿಮ್ಮ ತಂದೆ ಹೆಸರು ಆಯ್ತು, ತಾತನ ಹೆಸರೂ ಆಯ್ತು. ಮುತ್ತಜ್ಜನ ಹೆಸರು ಹೇಳಿ.”

“ಒಂದ್ನಿಮಿಷ ಅಜ್ಜಿ, ನೋಡಿ ಹೇಳ್ತೀನಿ.”

“ಮುತ್ತಜ್ಜನ ಹೆಸರನ್ನ ಯಾರಾದ್ರೂ ನೋಡಿ ಹೇಳ್ತಾರಾ? ನಮ್ಮನೇಲಿ ಎರಡೂ ಕಡೆ ಮೂರು ತಲೆ ಹೆಸರು ಕೂಗದೆ ತಾಂಬೂಲ ಬದಲಾಯಿಸೋ ಪದ್ಧತಿ ಇಲ್ಲ. ಊರಿನೋರ ವಂಶವೆಲ್ಲ ಹುಡುಕೋರು ನೀವು, ನಿಮ್ಮದೇ ಗೊತ್ತಿಲ್ವಾ? ಸಾಯಂಕಾಲದೊಳಗೆ ಹೇಳಿ. ಇಲ್ದಿದ್ರೆ ನಾನೂ ಸ್ವಲ್ಪ ಯೋಚ್ನೆ ಮಾಡ್ಬೇಕಾಗುತ್ತೆ.”

ಈ ‘ಯೋಚ್ನೆ’ ಎಂಬುದನ್ನು ಹಿಂದೆಯೂ ಹಲವು ಮನೆಯವರು ಮಾಡಿದ್ದರು. ನಿರಂಜನ ಫೋನ್ ಇಟ್ಟವನೇ ಅಡುಗೆಮನೆಗೆ ಓಡಿದ.

“ಗಂಡನ ಹೆಸರನ್ನೇ ಬಾಯಿಬಿಟ್ಟು ಹೇಳದೆ ಇದ್ದೋಳು ನಾನು,” ಎಂದರು ವೇದವತಿ ಕೊಬ್ಬರಿ ತುರಿಯುತ್ತ. “ಮಾವನೋರ ಅಪ್ಪನ ಹೆಸರು ನಂಗೆಲ್ಲಿಂದ ಗೊತ್ತಿರುತ್ತೆ? ನಿಮ್ಮಪ್ಪ ಇದ್ದಿದ್ರೆ ಹೇಳ್ತಿದ್ರು.”

“ಹೋಗ್ಲಿ ಬಿಡಮ್ಮ, ಯಾವುದೋ ಒಂದ್ ಹೆಸರು ಹೇಳ್ಬಿಡ್ತೀನಿ. ರಾಮಯ್ಯ ಅಂತ.”

“ನಾಳೆ ಅಷ್ಟು ಜನರ ಮುಂದೆ ಕಂಡೋರ ಮರಿಮಗ ಆಗ್ತೀಯೇನೋ?”

ಈ ಮಾತು ಮೆಟ್ಟಿಲಿನವರೆಗೂ ಕೇಳಿಸಿರಬೇಕು. ಎದುರುಮನೆಯ ಸುಮಾ ಒಳಗೆ ಬಂದರು. ಬೀದಿಯಲ್ಲಿ ಯಾರ ಮನೆ ಹಾಲು ಉಕ್ಕಿದರೂ ಮೊದಲು ಅವರಿಗೆ ವಾಸನೆ ಬರುತ್ತದೆ. ಅವರ ಹಿಂದೆಯೇ ಕೆಳಗಿನ ಮನೆಯಿಂದ ಓನರ್ ಆಂಜಿನಪ್ಪನವರು ಏದುಸಿರು ಬಿಡುತ್ತ ಹತ್ತಿ ಬಂದರು. ಅಲ್ಲಾಳಸಂದ್ರದ ಮೂಲನಿವಾಸಿಗಳು ತಾವೆಂಬ ಹೆಮ್ಮೆಯ ಹಿರಿಯರು. ಬಾಡಿಗೆದಾರರ ಕಷ್ಟಸುಖವೂ ಬಾಡಿಗೆಯೊಳಗೇ ಸೇರಿದೆ ಎಂದು ನಂಬಿದವರು.

ಪಡಸಾಲೆಯ ಗೋಡೆಯ ತುಂಬ ನಿರಂಜನ ಅಂಟಿಸಿದ್ದ ಸಲ್ದಿವಾರ್ ವಂಶವೃಕ್ಷವಿತ್ತು. ಆಂಜಿನಪ್ಪ ಅದರ ಮುಂದೆ ಕೈಕಟ್ಟಿ ನಿಂತು ಒಂದು ಹೆಸರಿನತ್ತ ಗದ್ದ ಎತ್ತಿದರು.

“ಈವಯ್ಯನ ಮುತ್ತಾತನ ಎಸ್ರು ಗೊತ್ತೇನಪ್ಪಾ ನಿಂಗೆ?”

“ಕ್ರಿಸಾಂತೋ.”

“ಅವ್ನಪ್ಪಂದು?”

“ಹೋಸೆ ಮರಿಯಾ.”

“ನಿನ್ ಮುತ್ತಾತಂದು?”

ನಿರಂಜನ ಗೋಡೆ ನೋಡಿದ.

“ಸರೋಯ್ತು ಬಿಡು,” ಎಂದು ಆಂಜಿನಪ್ಪ ಕುರ್ಚಿ ಎಳೆದುಕೊಂಡು ಕೂತರು. “ಆ ದೇಸ್ದಾಗೂ ದಾಯಾದಿ ಜಗಳ ಐತಾ?”

“ಇದೆ.”

“ಅಂಗಾದ್ರೆ ನಮ್ಮೋರೇ ಅವ್ರೂ.”

ದಾಯಾದಿ ಎಂಬ ಮಾತು ಕಿವಿಗೆ ಬಿದ್ದದ್ದೇ ನಿರಂಜನನೊಳಗಿನ ಸಂಶೋಧಕ ಎದ್ದು ಕೂತ. ಮುತ್ತಜ್ಜನಿಗೆ ಇಬ್ಬರು ಗಂಡುಮಕ್ಕಳು ಎಂದು ಅಪ್ಪ ಯಾವಾಗಲೋ ಹೇಳಿದ್ದರು. ಕಿರಿಯವನ ಕವಲು ಇದು. ಹಿರಿಯವನ ಕವಲು ಎಲ್ಲಿ?

“ಅವರು ನಮ್ಮ ಮದುವೇಲೇ ಎದ್ದುಹೋದ್ರು,” ಎಂದರು ವೇದವತಿ. “ನಿಮ್ಮ ದೊಡ್ಡಪ್ಪಾಜಿ ಅಂತ ಒಬ್ಬರಿದ್ರು, ನಿಮ್ಮಪ್ಪನಿಗೆ ಅಣ್ಣ ಆಗ್ಬೇಕು. ಅವರ ಎಲೇಲಿ ಹೋಳಿಗೆ ಮೇಲೆ ತುಪ್ಪ ಬೀಳಲಿಲ್ಲ ಅಂತ ಸಿಟ್ಟು ಮಾಡ್ಕೊಂಡು ಪಂಕ್ತಿಯಿಂದ ಎದ್ದು, ಮನೆಯೋರನ್ನೆಲ್ಲ ಎಬ್ಬಿಸ್ಕೊಂಡು ಹೊರಟೇಹೋದ್ರು. ಅದೇ ಕೊನೆ.”

“ಅಮ್ಮ, ಆ ಮದುವೇಲಿ ಕಳಶಗಿತ್ತಿ ಯಾರು?”

“ಕಳಶಗಿತ್ತೀನಾ? ಆ ದೊಡ್ಡಪ್ಪಾಜಿ ಕೊನೇ ತಂಗಿ, ಪುಟ್ಟಲಕ್ಷ್ಮಮ್ಮ. ಕಂಕುಳಲ್ಲಿ ಮಗು, ಕೈಯಲ್ಲಿ ಕಳಶ. ಮಗು ಕಳಶದೊಳಗಿನ ಎಲೆ ಕಿತ್ತು ತಿಂತಿತ್ತು. ಅವಳನ್ನ ಯಶವಂತಪುರಕ್ಕೆ ಕೊಟ್ಟಿದ್ರು, ಮಾರ್ಕೆಟ್ ಹಿಂದಿನ ಬೀದೀಲಿ ಅವಳ ಗಂಡನದು ಸೈಕಲ್ ಅಂಗಡಿ.”

ನಿರಂಜನನ ಮುಖ ಅರಳಿತು. ಸಕತೇಕಸ್‌ನಲ್ಲಿ ನಡೆದದ್ದು ಯಶವಂತಪುರದಲ್ಲಿ ಯಾಕೆ ನಡೆಯಬಾರದು? ಅಲ್ಲಿ ಧರ್ಮಪಿತ, ಇಲ್ಲಿ ಕಳಶಗಿತ್ತಿ. ಒಬ್ಬನೇ ಸ್ಕೂಟರ್ ಹತ್ತಿ ಹೊರಡುವವನಿದ್ದ. ಅಷ್ಟು ಹೊತ್ತಿಗೆ ಸುಮಾ ಕಾರಿನ ಕೀ ತಂದು, ಹೂವು ಹಣ್ಣು ಅರಿಶಿನ ಕುಂಕುಮದ ಚೀಲ ಹಿಡಿದು ನಿಂತಿದ್ದರು. ‘ಬರಿಗೈಲಿ ಹೋಗ್ತಾರಾ ಯಾರಾದ್ರೂ? ಹಾಗೇ ನಿಶ್ಚಿತಾರ್ಥಕ್ಕೂ ಕರೆದು ಬರೋಣ.’ ಜೊತೆಗೆ ‘ಮುತ್ತಜ್ಜನ ಹುಡುಕಾಟ’ ಎಂಬ ವಾಟ್ಸಾಪ್ ಗುಂಪೂ ತಯಾರಾಗಿ, ಅದರಲ್ಲಿ ಬೀದಿಯವರೆಲ್ಲ ಇದ್ದರು; ಪ್ರಿಯಂವದಾಳ ಮನೆಯವರನ್ನೂ ಸೇರಿಸಿದ್ದರು. ಆಂಜಿನಪ್ಪನವರು ಯಾರೂ ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಿದ್ದರು.

ಹೆಬ್ಬಾಳದ ಮೇಲುಸೇತುವೆ ಅವರನ್ನು ಎಷ್ಟು ಹೊತ್ತು ಹಿಡಿದಿಟ್ಟುಕೊಂಡಿತು ಎಂದು ಹೇಳಿ ನಿಮ್ಮ ಸಮಯವನ್ನೂ ಹಾಳು ಮಾಡುವುದಿಲ್ಲ. ಯಶವಂತಪುರ ತಲುಪಿದಾಗ ಸೈಕಲ್ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಿತ್ತು. ಆಂಜಿನಪ್ಪ ಬೀದಿಯ ಮಧ್ಯದಲ್ಲಿ ನಿಂತು ಹೋಗುವ ಬರುವವರನ್ನೆಲ್ಲ ತಡೆದು ‘ಪುಟ್ಟಲಕ್ಷ್ಮಮ್ಮ ಎಲ್ಲವ್ರೆ?’ ಎಂದು ವಿಚಾರಿಸತೊಡಗಿದರು. ಅವರ ಧಾಟಿಗೆ ಹೆದರಿದ ಒಬ್ಬ, ನಾನು ಸಾಲ ತೊಗೊಂಡೇ ಇಲ್ಲ ಅಂದುಬಿಟ್ಟ. ಗಲಾಟೆ ಕೇಳಿ ಮೊಬೈಲ್ ಅಂಗಡಿಯವನೇ ಹೊರಗೆ ಬಂದ.

“ಅಜ್ಜೀನಾ? ಮೇಲಿನ ಮನೇಲೇ ಇರೋದು ಸಾರ್. ಈಗ ತವರಿಗೆ ಹೋಗವ್ರೆ, ಹೆಸರಘಟ್ಟ. ಅಣ್ಣನ ಮಗ ಬಂದು ಕಾರಲ್ಲಿ ಕರ್ಕೊಂಡ್ ಹೋದ. ಬೀಗದ ಕೈ ನಮ್ಮತ್ರಾನೇ ಕೊಟ್ಟವ್ರೆ.”

ಕವಲು ಸಿಕ್ಕೇಬಿಟ್ಟಿತು. ಹೆಸರಘಟ್ಟ ಎಂದರೆ ದೂರವೇನಲ್ಲ. ಇಷ್ಟು ವರ್ಷ ತನ್ನ ದಾಯಾದಿಗಳು ಅಲ್ಲೇ ಹಸು ಕಟ್ಟಿಕೊಂಡು ಇದ್ದರೆ, ತಾನು ಭೂಗೋಳದ ಆ ತುದಿಯಲ್ಲಿ ಔರೇಲಿಯೋನನ್ನು ಹುಡುಕುತ್ತ ಕೂತಿದ್ದೆನಲ್ಲ ಎಂದು ಅವನಿಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು. ಅಪ್ಪ ಇದ್ದಿದ್ದರೆ ಎಂದುಕೊಂಡ.

ಹೆಸರಘಟ್ಟದ ದಾರಿಯಲ್ಲಿ ಮೊಬೈಲು ಬಡಿದುಕೊಂಡಿತು. ವಿಡಿಯೋದಲ್ಲಿ ಸೊಕೋರೊ ಅಜ್ಜಿ. ಅಲ್ಲಿ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಅಜ್ಜಿ ಶಾಲು ಹೊದ್ದು, ಕೆದರಿದ ತಲೆಯಲ್ಲೇ ಅಳುತ್ತ ನಗುತ್ತಿದ್ದರು. ಔರೇಲಿಯೋನ ಮರಿಮಕ್ಕಳಿಗೆ ರಾತ್ರಿ ಫೋನ್ ಮಾಡಿದರಂತೆ. ಭಾನುವಾರ ಒಂದು ಬಸ್ಸಿನ ತುಂಬ ಬರುತ್ತಾರಂತೆ. ಆಡು ಕಡಿಸುತ್ತಾರಂತೆ, ವಾದ್ಯದವರಿಗೂ ಹೇಳಿದ್ದಾರಂತೆ. ನಿರಂಜನ ಕೆಲಸಕ್ಕೆಂದು ಕಲಿತ ಸ್ಪ್ಯಾನಿಷ್‌ನಲ್ಲಿ, ತಾನೂ ಇವತ್ತು ತನ್ನ ಕಳೆದುಹೋದವರ ಮನೆಗೇ ಹೋಗುತ್ತಿದ್ದೇನೆ ಎಂದ. ಮಧ್ಯೆ ಮಧ್ಯೆ ಬೇರೆ ಯಾವುದೋ ಕರೆ ಬರುತ್ತಿತ್ತು. ಇಂಥ ಹೊತ್ತಿನಲ್ಲಿ ಯಾರಪ್ಪ ಎಂದು ನೋಡದೆಯೇ ಕಡಿದು ಹಾಕಿದ.

“ಏನಂತೆ ಆವಮ್ಮ?” ಎಂದರು ಆಂಜಿನಪ್ಪ.

“ಹೋದ ತಕ್ಷಣ ಮಾತಾಡ್ಬೇಡ, ಮೊದಲು ತಬ್ಕೋ ಅಂತಿದಾರೆ. ತಬ್ಕೊಂಡ್ರೆ ಹಳೇ ಜಗಳ ಬಿಟ್ಟೋಗುತ್ತಂತೆ.”

“ಬುದ್ಧಿವಂತೆ ಕಣಪ್ಪಾ.”

ಹೆಸರಘಟ್ಟದಲ್ಲಿ ಪುಟ್ಟಲಕ್ಷ್ಮಮ್ಮನ ತವರುಮನೆ ಹುಡುಕುವುದು ಕಷ್ಟವಾಗಲಿಲ್ಲ. ಕೇಳಿದವರೆಲ್ಲ ದಾರಿ ತೋರಿಸಿದರು, ತೋರಿಸುವಾಗ ಒಂಥರಾ ಮೆತ್ತಗೆ ಮಾತಾಡಿದರು. ಮನೆಯ ಮುಂದೆ ಶಾಮಿಯಾನ, ಬಾಡಿಗೆ ಕುರ್ಚಿ, ಬಾಗಿಲಿನ ತುಂಬ ಚಪ್ಪಲಿ.

“ನೋಡಿ ಅದೃಷ್ಟ. ಅವರ ಮನೇಲೂ ಏನೋ ಫಂಕ್ಷನ್ ಇದೆ,” ಎಂದು ಸುಮಾ ಫೋಟೋ ಕ್ಲಿಕ್ಕಿಸುತ್ತ ನಡೆದರು.

ತಲೆಗೆ ಟವೆಲ್ ಸುತ್ತಿದ ಗಂಡಸೊಬ್ಬ ಎದುರು ಬಂದ. ಮೂಗು ಥೇಟ್ ನಿರಂಜನನ ಅಪ್ಪನದು. ಆ ಮೂಗು ನೋಡಿದ್ದೇ ತಡ, ನಿರಂಜನ ‘ನಾನು ವೇದವತಿ ಮಗ ನಿರಂಜನ, ಅಲ್ಲಾಳಸಂದ್ರದಿಂದ ಬಂದೆ’ ಎಂದು ಒಂದೇ ಉಸಿರಿಗೆ ಹೇಳಿ, ಸೊಕೋರೊ ಅಜ್ಜಿಯ ಮಾತಿನಂತೆ ಅವನನ್ನು ಬಿಗಿಯಾಗಿ ತಬ್ಬಿಕೊಂಡ. ಆ ರಭಸಕ್ಕೆ ಟವೆಲ್ ಜಾರಿ ಬಿತ್ತು. ಕೆಳಗೆ ನುಣ್ಣನೆ ಬೋಳುತಲೆ ಹೊಳೆಯಿತು.

“ಓ, ತಿರುಪ್ತಿಗೆ ಓಗಿದ್ರಾ?” ಎಂದರು ಆಂಜಿನಪ್ಪ.

ನಿರಂಜನನಿಗೆ ಅರ್ಥವಾಯಿತು. ಬೋಳಿಸಿದ ತಲೆ, ಮೆತ್ತಗೆ ಮಾತಾಡಿದ ಊರವರು, ಹಿಂದೆ ಜಗಲಿಯ ಮೇಲೆ ಹಾರ ಹಾಕಿಸಿಕೊಂಡ ಫೋಟೋ. ಸೂತಕದ ವಿಷಯ ನಿಮಗೂ ತಿಳಿದಿರುತ್ತದೆ. ದಾಯಾದಿ ತೀರಿಕೊಂಡರೆ ಸೂತಕ ತಪ್ಪಿದ್ದಲ್ಲ, ಎಷ್ಟೇ ದೂರವಿದ್ದರೂ, ಎಷ್ಟೇ ಜಗಳವಿದ್ದರೂ. ಸೂತಕದಲ್ಲಿ ಶುಭಕಾರ್ಯ ಇಲ್ಲ. ಆದರೆ ಅದಕ್ಕೊಂದು ಸಣ್ಣ ಕಿಂಡಿ ಇದೆ. ಸುದ್ದಿ ಕಿವಿಗೆ ಬೀಳುವವರೆಗೆ ಅದು ಅಂಟುವುದಿಲ್ಲ. ಕೇಳದವನಿಗೆ ಸೂತಕವಿಲ್ಲ.

ಆದ್ದರಿಂದ ನಿರಂಜನ ಎರಡೂ ಕಿವಿಗಳನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿಕೊಂಡ.

“ಏನೂ ಹೇಳ್ಬೇಡಿ. ದಯವಿಟ್ಟು ಯಾರೂ ನಂಗೇನೂ ಹೇಳ್ಬೇಡಿ. ಮುತ್ತಜ್ಜನ ಹೆಸರು ಒಂದು ಬರೆದುಕೊಡಿ ಸಾಕು, ಹೊರಟೋಗ್ತೀನಿ.”

ಬೋಳುತಲೆಯವನು ದೊಡ್ಡಪ್ಪಾಜಿಯ ಮಗ ಯಶವಂತ. ಅವನು ಗಾಬರಿಯಾದ. ಪಾಪ, ತಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡ. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು, ಅವನ ಕಿವಿಯ ಹತ್ತಿರ ಬಾಗಿ, ಕೆರೆಯ ಆಚೆ ದಡಕ್ಕೂ ಮುಟ್ಟುವಂತೆ ಕೂಗಿದ.

“ನಮ್ಮಪ್ಪ ಮೊನ್ನೆ ತೀರ್ಕೊಂಡ್ರು ಕಣೋ ತಮ್ಮಾ. ನಿಮ್ಗೆ ತಿಳಿಸೋಣ ಅಂತ ಎಷ್ಟು ಹುಡುಕಿದ್ವಿ, ಒಬ್ರ ನಂಬರೂ ಸಿಗಲಿಲ್ಲ.”

ಬೆರಳುಗಳನ್ನು ತೂರಿಕೊಂಡು ಸುದ್ದಿ ಒಳಗೆ ಹೋಯಿತು. ನಿರಂಜನ ಕಿವಿಯಿಂದ ಕೈ ತೆಗೆದ. ಒಳಗಿನಿಂದ ಪುಟ್ಟಲಕ್ಷ್ಮಮ್ಮ ಬಂದು ಅವನ ಕೆನ್ನೆ ಹಿಡಿದು ಅತ್ತರು. “ನಮ್ಮಣ್ಣ ಹೋಗೋವರೆಗೂ ನಿಮ್ಮಪ್ಪನ ಮಾತೇ ಆಡ್ತಿದ್ರು ಕಣಪ್ಪಾ. ಒಂದು ಚಮಚ ತುಪ್ಪಕ್ಕೋಸ್ಕರ ತಮ್ಮನ್ನ ಕಳ್ಕೊಂಡೆ ಅಂತಿದ್ರು.” ನಿರಂಜನನೂ ಅತ್ತ. ನಿಜವಾಗಿಯೇ ಅತ್ತ, ಅರ್ಧ ಆ ದೊಡ್ಡಪ್ಪನಿಗಾಗಿ, ಅರ್ಧ ಪ್ರಿಯಂವದಾಳಿಗಾಗಿ. ಸುಮಾ ಅರಿಶಿನ ಕುಂಕುಮದ ಚೀಲವನ್ನು ಸೆರಗಿನ ಹಿಂದೆ ಬಚ್ಚಿಟ್ಟುಕೊಂಡು ಎಲ್ಲಿಡುವುದೆಂದು ತಿಳಿಯದೆ ತಿರುಗಾಡಿದರು.

ಸ್ವಲ್ಪ ಸಮಾಧಾನವಾದ ಮೇಲೆ ನಿರಂಜನ ಅವರನ್ನೂ ಆಂಜಿನಪ್ಪನವರನ್ನೂ ಪಕ್ಕಕ್ಕೆ ಕರೆದ.

“ಸುಮಕ್ಕ, ನಾವು ಇಲ್ಲಿಗೆ ಬಂದೇ ಇಲ್ಲ. ಆಂಜಿನಪ್ಪನೋರೇ, ನೀವೂ ಕೇಳಿಲ್ಲ. ನಾಳೆ ಒಂದಿನ ಕಳೀಲಿ, ಆಮೇಲೆ ನಾನೇ ಹೇಳ್ತೀನಿ.”

ಸುಮಾ ಮೊಬೈಲ್ ತಿರುಗಿಸಿ ತೋರಿಸಿದರು. ಗುಂಪಿನಲ್ಲಿ ‘ಕಳೆದುಹೋದ ಕವಲು ಸಿಕ್ಕಿತು’ ಎಂಬ ಒಕ್ಕಣೆಯ ಕೆಳಗೆ ಫೋಟೋ ಆಗಲೇ ಹೋಗಿತ್ತು. ನಿರಂಜನ ಬೋಳುತಲೆಯನ್ನು ತಬ್ಬಿ ನಿಂತಿದ್ದಾನೆ, ಹಿಂದೆ ಹಾರದೊಳಗಿನಿಂದ ದೊಡ್ಡಪ್ಪ ನೋಡುತ್ತಿದ್ದಾರೆ. ಬೀದಿಯವರು ಮೊದಲು ಚಪ್ಪಾಳೆ ಹಾಕಿ, ಆಮೇಲೆ ಫೋಟೋ ಸರಿಯಾಗಿ ನೋಡಿ ‘ಓಂ ಶಾಂತಿ’ ಹಾಕಿದ್ದರು. ಸುಬ್ಬನರಸಮ್ಮನವರು ನೋಡಿದ್ದರು.

ಅಷ್ಟರಲ್ಲಿ ಅವರದೇ ಫೋನ್ ಬಂತು.

“ಎಷ್ಟು ಸಲ ಮಾಡೋದು ನಿಮ್ಗೆ, ಕಡಿದು ಕಡಿದು ಹಾಕ್ತೀರಲ್ಲ,” ಎಂದರು ಅಜ್ಜಿ.

“ಅಜ್ಜಿ, ಹೆಸರು ಸಿಕ್ತು. ಗಂಗಹನುಮಯ್ಯ ಅಂತ. ಈಗ ತಾನೇ ಹೇಳಿದ್ರು.”

“ಹೆಸರು ಯಾರಿಗೆ ಬೇಕಿತ್ತು ಈಗ? ಅದನ್ನೇ ಹೇಳೋಣ ಅಂತ ಫೋನ್ ಮಾಡಿದ್ದು. ಮುತ್ತಜ್ಜನ ಹೆಸರು ಗೊತ್ತಿಲ್ದೆ ಇದ್ರೆ ಮನೆದೇವರ ಹೆಸರು ಕೂಗಿದ್ರೆ ನಡೆಯುತ್ತೆ ಅಂತ ಶಾಸ್ತ್ರಿಗಳೇ ಹೇಳಿದ್ರು. ನೀವು ಸುಮ್ನೆ ಮನೇಲಿ ಕಾಫಿ ಕುಡ್ಕೊಂಡು ಕೂತಿದ್ರೆ ನಾಳೆ ಹತ್ತು ಗಂಟೆಗೆ ತಾಂಬೂಲ ಆಗ್ತಿತ್ತು.”

ನಿರಂಜನ ಹತ್ತಿರದ ಬಾಡಿಗೆ ಕುರ್ಚಿಯ ಮೇಲೆ ಕುಸಿದ.

“ಹೋದೋರಿಗೆ ಸದ್ಗತಿ ಸಿಗಲಿ. ನಾವೇನೂ ಮಾತು ಮುರಿಯೋರಲ್ಲ,” ಎಂದು ಅಜ್ಜಿ ಮುಂದುವರಿಸಿದರು. “ಆಷಾಢ ಕಳೀಲಿ, ಶ್ರಾವಣದಲ್ಲಿ ಒಂದು ಒಳ್ಳೇ ಮುಹೂರ್ತ ಇದೆ. ಆದ್ರೆ ಒಂದ್ ಮಾತು. ಇದು ಮೊದಲನೇ ಸಲ ತಪ್ಪಿದ್ದು. ಎರಡನೇ ಸಲಾನೂ ಇದೇ ಕಾರಣಕ್ಕೆ ತಪ್ಪಿದ್ರೆ ಋಣಾನುಬಂಧ ಇಲ್ಲ ಅಂತಾನೇ ಅರ್ಥ. ಆಮೇಲೆ ನನ್ನನ್ನ ಕೇಳ್ಬೇಡಿ.”

ಫೋನಿನ ಆ ಕಡೆಯಿಂದ ‘ನಾನು ಕಾಯ್ತೀನಿ ಅಂತ ಹೇಳಿ ಅಜ್ಜಿ’ ಎಂದು ಪ್ರಿಯಂವದಾಳ ದನಿ ಕೇಳಿಸಿತು. ನಿರಂಜನನಿಗೆ ಜೀವ ಬಂದಂತಾಯಿತು. ಶ್ರಾವಣ ಎಂದರೆ ಎಷ್ಟು ದೂರ? ಇಷ್ಟು ವರ್ಷ ಕಾದವನಿಗೆ ಒಂದು ಆಷಾಢ ಯಾವ ಲೆಕ್ಕ? ಮತ್ತೊಮ್ಮೆ ಸೂತಕ ಬರುವುದಕ್ಕೆ ತನ್ನ ಮನೆಯಲ್ಲಿ ಇರುವವರಾದರೂ ಯಾರು, ಅಮ್ಮ ಮತ್ತು ತಾನು. ಇಬ್ಬರೂ ಗಟ್ಟಿಮುಟ್ಟಾಗಿದ್ದೇವೆ ಎಂದುಕೊಂಡು ಮುಖ ಒರೆಸಿಕೊಂಡ.

“ಬಾ ತಮ್ಮಾ ಒಳಗೆ,” ಎಂದು ಯಶವಂತ ಅವನ ಹೆಗಲ ಮೇಲೆ ಕೈಹಾಕಿದ. “ಅಪ್ಪ ಒಬ್ರು ಹೋದ್ರು ಅಂತ ನೀನು ಅನಾಥ ಅಂದ್ಕೋಬೇಡ. ನಮ್ಮ ಕಡೆ ಇನ್ನೂ ಎಷ್ಟು ಜನ ಹಿರಿಯರು ಅವ್ರೆ ನೋಡು.”

ನಡುಮನೆಯಲ್ಲಿ ಗೋಡೆಯುದ್ದಕ್ಕೂ ಮಂಚಗಳನ್ನು ಹಾಕಿದ್ದರು.

“ಇವರು ಎರಡನೇ ದೊಡ್ಡಪ್ಪ, ತೊಂಬತ್ತು ದಾಟಿದೆ. ಹೋದ ತಿಂಗಳು ಸ್ಟೆಂಟ್ ಹಾಕಿಸಿದ್ವಿ. ಇವರು ಮೂರನೆಯೋರು, ಶುಗರ್ ಜಾಸ್ತಿ, ಹೇಳಿದ ಮಾತು ಕೇಳಲ್ಲ, ಕದ್ದು ಕದ್ದು ಮೈಸೂರ್‌ಪಾಕ್ ತಿಂತಾರೆ. ಇವರು ಚಿಕ್ಕಪ್ಪ. ಡಾಕ್ಟ್ರು ಮನೆಗೆ ಕರ್ಕೊಂಡ್ ಹೋಗಿ ಅಂದುಬಿಟ್ರು. ನಮ್ಮ ಕೈಲಿ ಏನಿದೆ ಹೇಳು? ಮಾಕಳೀಲಿ ಇನ್ನೂ ಇಬ್ರು ಅವ್ರೆ, ಅವರನ್ನ ಎಬ್ಬಿಸಿ ಕರ್ಕೊಂಡ್ ಬರೋಕಾಗಲ್ಲ.”

ನಿರಂಜನ ಒಬ್ಬೊಬ್ಬರ ಕಾಲಿಗೂ ಬಿದ್ದ. ಅಷ್ಟು ಭಕ್ತಿಯಿಂದ ಅವನು ಯಾವ ದೇವರ ಮುಂದೆಯೂ ಬಿದ್ದಿರಲಿಲ್ಲ. ಎಲ್ಲರೂ ಮಲಗಿದಲ್ಲಿಂದಲೇ ಕೈ ಎತ್ತಿ ‘ಬೇಗ ಮದ್ವೆ ಆಗಪ್ಪಾ’ ಎಂದು ಹರಸಿದರು. ಮೂರನೆಯ ದೊಡ್ಡಪ್ಪನ ದಿಂಬಿನ ಕೆಳಗಿನಿಂದ ಅವನು ಮೈಸೂರ್‌ಪಾಕಿನ ಪೊಟ್ಟಣ ಎಳೆದು ತನ್ನ ಜೇಬಿಗೆ ಹಾಕಿಕೊಂಡ.

“ಓಗೋಣ್ವೇನಪ್ಪಾ? ಕತ್ಲಾಯ್ತದೆ,” ಎಂದರು ಬಾಗಿಲಲ್ಲಿ ನಿಂತ ಆಂಜಿನಪ್ಪ.

ಮೂಲೆಯ ಮಂಚದ ಮೇಲೆ ಚಿಕ್ಕಪ್ಪ ಕೆಮ್ಮಿದರು.

“ನೀವು ಹೊರಡಿ,” ಎಂದ ನಿರಂಜನ. ಅಂಗಿಯ ತೋಳು ಮಡಚಿಕೊಂಡು, “ಅಣ್ಣಾ, ಬಿಸಿನೀರು ಎಲ್ಲಿದೆ?” ಎಂದು ಯಶವಂತನನ್ನು ಕೇಳುತ್ತ ಒಳಗೆ ಓಡಿದ.